ಕಿಲುಬು

‘ವರ್ಷಕ್ಕೆ ಎಷ್ಟು ಸಲ ಹೋಗ್ತೀರಕ್ಕ?’ ಅಂದ
ಮಂಡಿಗೆ ಹೊಸದಾಗಿ ಸೇರಿದ ಹುಡುಗ,
ನಾಣ್ಯಮೇಳದ ಚೀಟಿ
ನನ್ನ ಖಾತೆ ಪುಸ್ತಕದಿಂದ ಜಾರಿ ಬಿದ್ದಾಗ.

ಮೂರು, ಅಂದೆ. ಸುಳ್ಳು.
ಬೆರಳು ಮಡಿಸಿದರೆ ಐದು.
ಬೆಂಗಳೂರಿಗೆ ಎರಡು, ಬೆಳಗಿನ ರೈಲು, ಚಿತ್ರಾನ್ನದ ಡಬ್ಬಿ.
ಮೈಸೂರಿಗೆ ಒಂದು, ನಾದಿನಿಯನ್ನು ನೋಡುವ ನೆಪ.
ಹುಬ್ಬಳ್ಳಿಯದನ್ನು ಮನೆಯಲ್ಲಿ ಹೇಳಿಲ್ಲ.
ಇನ್ನು ನಮ್ಮ ತುಮಕೂರಿನದು ಆಷಾಢದಲ್ಲೇ,
ಮದುವೆಗಳಿಲ್ಲದೆ ಕಲ್ಯಾಣಮಂಟಪ
ಅರ್ಧ ಬಾಡಿಗೆಗೆ ಸಿಗುವಾಗ.
ವಧೂವರರ ಕುರ್ಚಿ ಮೂಲೆಗೆ ಸರಿದಿರುತ್ತದೆ,
ಊಟದ ಮೇಜುಗಳ ಮೇಲೆ
ರಾಜರು, ರಾಣಿಯರು, ತೂತುಕಾಸು.

ಯಾಕೆ ಅಂತ ಅವನು ಕೇಳಲಿಲ್ಲ.
ಕೇಳಿದ್ದರೆ ಹುಣಿಸೆಯಿಂದ ಶುರು ಮಾಡಬೇಕಿತ್ತು.

ಅಪ್ಪ ಗಾರೆ ಕೆಲಸದವನು.
ಶಿರಾದಲ್ಲಿ ಯಾರದೋ ಮನೆಗೆ ಪಾಯ ತೋಡುವಾಗ
ಹಾರೆಗೆ ಠಣ್ ಅಂದದ್ದು ಒಂದು ಆನೆಕಾಸು.
ಒಂದು ಕಡೆ ಆನೆ, ಇನ್ನೊಂದು ಕಡೆ ಓದಲು ಬಾರದ ಅಕ್ಷರ,
ಮೈಯೆಲ್ಲ ಕಾಫಿ ಬಣ್ಣ, ಬಾಲದ ಬುಡದಲ್ಲಿ ಹಸಿರು.
ನನ್ನ ಮದುವೆಗೆ ಅವನು ಕೊಟ್ಟ ಚಿನ್ನ ಅದೊಂದೇ.

ಮೊದಲ ಶ್ರಾವಣದ ಗುರುವಾರ
ಅತ್ತೆ ಪುಟ್ಟಚೌಡಮ್ಮ ದೀಪ, ಚೊಂಬು, ಆರತಿ ತಟ್ಟೆಯ ಜೊತೆ
ಅದನ್ನೂ ಹುಣಿಸೆ ಹಾಕಿ ಬೆಳಗಿದರು.
‘ನೋಡು, ನಿನ್ನ ಆನೆಗೆ ಮೀಯಿಸಿದೀನಿ.’
ಪ್ರೀತಿಯಿಂದಲೇ. ನಾನೂ ಹಿಗ್ಗಿದೆ.
ಹೊಸ ಸೊಸೆಗೆ ಹೊಳೆಯುವುದೆಲ್ಲ ಒಳ್ಳೆಯದೇ.

ಎಷ್ಟೋ ವರ್ಷಕ್ಕೆ, ಮಳೆಗೆ ನಿಂತ ಮಂಟಪದ ಒಳಗೆ
ಮೇಜಿನ ಹಿಂದಿದ್ದ ಖಲಂದರ್ ಸಾಬರು
ಭೂತಗನ್ನಡಿ ಇಳಿಸಿ ಉಸ್ಸೆಂದರು:
‘ತೊಳೆದುಬಿಟ್ಟಿದೀರಲ್ಲಮ್ಮ.
ಇನ್ನೂರು ವರ್ಷದ ಬಣ್ಣ.
ಹುಣಿಸೆಗೆ ಹೋದದ್ದು ಆನೆ ಕೊಟ್ಟರೂ ಬಾರದು.’
‘ಆನೆ ಇದೆಯಲ್ಲ ಸಾಬರೇ,’ ಅಂದೆ.
ಮೇಜು ಅಲುಗುವಂತೆ ನಕ್ಕರು.
ಎರಡನೆಯ ಸಲ ಹೋದದ್ದು
ಆ ನಗುವಿಗೆ ಇರಬೇಕು.

ಆಮೇಲಿನ ಸಲಗಳಿಗೆ ಕಾರಣ ಹುಡುಕಲಿಲ್ಲ.
ಚೌಕಾಸಿಗೆ ಬರುವವರಿದ್ದಾರೆ,
ಆಲ್ಬಮ್ಮಿನ ಖಾಲಿ ಕಿಂಡಿ ಹೊತ್ತು ಬರುವವರಿದ್ದಾರೆ.
ಗುಬ್ಬಿಯ ಗಂಗಹನುಮಯ್ಯ ಮೇಷ್ಟ್ರು
ಒಂದೇ ಒಂದು ಇಸವಿಯ ಒಂದು ಪೈಸೆಗೆ
ಹನ್ನೊಂದು ವರ್ಷ ಮೇಜಿಂದ ಮೇಜಿಗೆ ಅಲೆದರು.
ಹುಬ್ಬಳ್ಳಿಯಲ್ಲಿ ಅವರ ಆಲ್ಬಮ್ ಜಾರಿತು, ನಾನೇ ಎತ್ತಿಕೊಟ್ಟೆ:
ಆ ಕಿಂಡಿಯಲ್ಲಿ ಪೈಸೆ ಕೂತಿತ್ತು!
ಮೇಷ್ಟ್ರು ನನ್ನ ಮುಖ ನೋಡಲಿಲ್ಲ.
ಮುಂದಿನ ಮೇಜಿಗೆ ಹೋಗಿ ಕೇಳಿದರು,
‘ಆ ಇಸವಿಯ ಒಂದು ಪೈಸೆ ಇದೆಯಾ?’

ನನ್ನ ಕೆಲಸವೇ ಹುಣಿಸೆ.
ಸಿಪ್ಪೆ ತೆಗೆದದ್ದು, ಬೀಜದ್ದು, ಕರಿ ಹಣ್ಣು, ಹೊಸ ಹಣ್ಣು,
ತೂಕ ಬರೆದು, ಕಮಿಷನ್ ಕಳೆದು, ಸಹಿ ಹಾಕಿಸಿ.
ಸಂಜೆಗೆ ಪೆನ್ನೂ ಅಂಟು.
ಯಾರ್ಡಿನ ಗೋಣಿಗಳನ್ನು ನೋಡುವಾಗ ಲೆಕ್ಕ ಹಾಕುತ್ತೇನೆ,
ಇಷ್ಟರಲ್ಲಿ ಎಷ್ಟು ಸಾವಿರ ಆನೆಗಳು ಬಿಳಿಚಿಕೊಳ್ಳಬಹುದು.

ಪ್ರತಿ ಮೇಳದಲ್ಲೂ ಸಾಬರು ಕೈ ಚಾಚುತ್ತಿದ್ದರು:
‘ಎಲ್ಲಿ, ತನ್ನಿ ನಿಮ್ಮ ಆನೆ.’
ಬಾಣಂತಿ ಕೂಸನ್ನು ತಕ್ಕಡಿಗೆ ಇಡುವ ಹಾಗೆ ಇಡುತ್ತಿದ್ದೆ.
‘ಹೊಟ್ಟೆ ಹತ್ರ ಕಂದು ಬರ್ತಾ ಇದೆ.’
‘ಇನ್ನೆಷ್ಟು ದಿನ ಸಾಬರೇ?’
‘ನೂರು ವರ್ಷ ಅನ್ನಿ. ಅವಸರ ಏನಿದೆ?’

ಈ ಆಷಾಢದಲ್ಲಿ ಆ ಮೇಜಿಗೆ ಅವರ ಮಗ.
ನಾನು ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.
ಭೂತಗನ್ನಡಿಯ ಹಿಡಿಗೆ ಅದೇ ನೀಲಿ ದಾರ.
‘ತೊಳೆದಿದಾರೆ,’ ಅಂದ. ‘ಬೆಲೆ ಬರಲ್ಲ.’
‘ಗೊತ್ತು. ಬಣ್ಣ ಬರ್ತಾ ಇದೆಯಾ ನೋಡಿ.’
ಕಿಟಕಿಯ ಕಡೆ ತಿರುಗಿ
ಅವನು ತುಂಬ ಹೊತ್ತು ನೋಡಿದ.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ.
ಚೀಟಿ ಎತ್ತಿಕೊಟ್ಟ. ಜೊತೆಗೆ ಬಿದ್ದಿದ್ದ ಕಾಸು ಅವನ ಕಣ್ಣಿಗೆ ಬಿತ್ತು.
‘ಅಯ್ಯೋ, ಎಷ್ಟು ಕೊಳೆ! ಒಂದ್ನಿಮಿಷ ಕೊಡಿ ಅಕ್ಕ,
ಇಲ್ಲೇ ಹುಣಿಸೆ ಇದೆ, ಫಳಫಳ ಅನ್ನಿಸ್ತೀನಿ.’