ಬಿಳಿ ಹಿನ್ನೆಲೆ

ಸೋಮವಾರದ ಸುತ್ತೋಲೆ: ಯಾರೂ ಊರು ಬಿಡತಕ್ಕದ್ದಲ್ಲ.
ಬುಧವಾರದ್ದು: ಹೋಗಬಯಸುವವರು ಅರ್ಜಿ ಹಾಕಬಹುದು.
ಶುಕ್ರವಾರದ್ದು: ಸೋಮವಾರದ್ದನ್ನೇ ಓದಿಕೊಳ್ಳಿ.
ಮೂರನ್ನೂ ಟೈಪು ಮಾಡಿದವಳು ನಾನೇ,
ಪುಣೆಯ ಒಂದು ಓಣಿಯ ಅಡುಗೆಮನೆಯಲ್ಲಿ,
ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು,
ಎರಡನೇ ಸೀಟಿಗೂ ಮೂರನೆಯದಕ್ಕೂ ನಡುವೆ.

ಪರದೇಶಿ ವಿದ್ಯಾರ್ಥಿಗಳ ವಿಭಾಗವೆಂದರೆ
ನಮ್ಮ ಕಾಲೇಜಿನಲ್ಲಿ ನಾನು, ಒಂದು ಸೀಲು, ಒಂದು ಕಬ್ಬಿಣದ ಕಪಾಟು.
ಕೆಲಸಕ್ಕೆ ಸೇರಿದ ದಿನ ಅವ್ವ ಕೇಳಿದ್ದಳು:
‘ಪರದೇಶಿ ಮಕ್ಕಳ ಆಫೀಸಂದ್ರ
ಅನಾಥಾಶ್ರಮೇನವಾ?’
ಹತ್ತು ವರ್ಷ ಆ ಮಾತು ಹೇಳಿ ನಗಿಸಿದ್ದೇನೆ ಎಲ್ಲರನ್ನೂ.
ಈ ಏಪ್ರಿಲ್‌ನಲ್ಲಿ ಯಾರಿಗೂ ಹೇಳಲಿಲ್ಲ.

ಇಂಗ್ಲಿಷಿನಲ್ಲಿ ಪತ್ರ, ಹಿಂದಿಯಲ್ಲಿ ಸಮಾಧಾನ,
ಪೊಲೀಸ್ ಕಚೇರಿಯ ಜೊತೆ ಮರಾಠಿ.
ದಿನ ಎಣಿಸುವುದು ಮಾತ್ರ ಕನ್ನಡದಲ್ಲಿ:
ಸುಡಾನಿನವನಿಗೆ ಇಪ್ಪತ್ತೆರಡು,
ಯೆಮನಿನ ಅಕ್ಕತಂಗಿಯರಿಗೆ ಒಂಬತ್ತು,
ಮಲಾವಿಯ ಚಿಸೋಮೋಗೆ ಐದು.

‘ಮೇಡಂ, ವಿಮಾನ ಇಲ್ಲ. ವೀಸಾ ಮುಗಿಯುತ್ತದೆ.
ಎರಡರ ನಡುವೆ ನಾನು ಎಲ್ಲಿ ನಿಲ್ಲಲಿ?’
‘ಕೊಂಡ್ವಾದಲ್ಲಿ ನಿಲ್ಲಪ್ಪ,’ ಎಂದೆ,
‘ಗೇಟು ದಾಟಬೇಡ.’
ಮಾರ್ಗದರ್ಶನವೆಂದರೆ ಆ ದಿನ ನನ್ನಲ್ಲಿ ಇದ್ದದ್ದು ಇಷ್ಟೇ.

ಆನ್‌ಲೈನ್ ಫಾರ್ಮು ಎಲ್ಲ ಕೇಳಿತು, ಎಲ್ಲ ಕೊಟ್ಟ.
ಕೊನೆಗೆ ಫೋಟೋ: ಚೌಕಾಕಾರ, ಎರಡೂ ಕಿವಿ ಕಾಣಬೇಕು,
ಹಿನ್ನೆಲೆ ಬಿಳಿ.
ಊರಿನ ಸ್ಟುಡಿಯೋಗಳೆಲ್ಲ ಷಟರು ಎಳೆದುಕೊಂಡು ಮಲಗಿದ್ದವು.
ಹಸಿರು ಗೋಡೆಗೆ ನಿಂತು ಕಳಿಸಿದ. ತಿರಸ್ಕೃತ.
ಗಿಳಿಗಳಿದ್ದ ಪರದೆಗೆ ನಿಂತು ಕಳಿಸಿದ. ತಿರಸ್ಕೃತ.
ಮನೆ ಮಾಲೀಕರ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತ,
ಕಿವಿಯ ಪಕ್ಕ ಹಿಡಿಕೆ ಬಂತು.

ಅಪ್ಪ ಲಗ್ನಗಳಿಗಷ್ಟೇ ಉಡುವ ಧೋತರ
ಕೇಳದೆ ಮಡಚಿ ಸ್ಕೂಟಿಯ ಡಿಕ್ಕಿಗೆ ಹಾಕಿದೆ.
ಸ್ವಾರ್‌ಗೇಟಿನ ನಾಕಾದಲ್ಲಿ ಪಾಸು ನೋಡಿದ ಪೇದೆ
ಧೋತರ ನೋಡಿ ಏನು ತಿಳಿದನೋ,
ಕೈಮುಗಿದು ಬಿಟ್ಟುಬಿಟ್ಟ.

ಕೆಂಪು ಅಂಚನ್ನು ಹಿಂದಕ್ಕೆ ಮಡಚಿ
ಒಂದು ತುದಿ ಗೇಟಿನ ಸರಳಿಗೆ ಸಿಕ್ಕಿಸಿದೆವು,
ಇನ್ನೊಂದನ್ನು ವಾಚ್‌ಮನ್ ಜಗತಾಪ್ ಮಾಮಾ ಹಿಡಿದರು,
ತೋಳು ಚಾಚಿ, ಮುಖ ಆಚೆ ತಿರುಗಿಸಿ, ಉಸಿರು ಕಟ್ಟಿ.
‘ಮಾಸ್ಕು ತೆಗಿ,’ ಎಂದೆ.

ಹದಿನಾಲ್ಕು ವಾರಗಳಿಂದ
ಅವನ ಪಾಸ್‌ಪೋರ್ಟಿನ ನಂಬರು ನನಗೆ ಬಾಯಿಪಾಠ,
ಅಮ್ಮನ ಹೆಸರು, ರಕ್ತದ ಗುಂಪು, ಬಾಕಿ ಫೀಸು.
ಈ ಬಾಯಿ ನೋಡಿರಲಿಲ್ಲ.
ಮುಂದಿನ ಎರಡು ಹಲ್ಲುಗಳ ನಡುವೆ
ಒಂದು ಅಕ್ಕಿಕಾಳು ಹಿಡಿಸುವಷ್ಟು ಸಂದು,
ಬರಲೋ ಬೇಡವೋ ಎನ್ನುವ ಮೀಸೆ.

‘ಒಂದು, ಎರಡು,’ ಎಣಿಸಿದೆ.
ಅಷ್ಟಕ್ಕೇ ನಕ್ಕುಬಿಟ್ಟ; ‘ಇದ್ಯಾವ ಭಾಷೆ?’
ನಗಬಾರದು, ನಿಯಮದಲ್ಲಿದೆ.
ನಾನೂ ನಗುತ್ತಿದ್ದೆ, ಫೋನು ಅಲುಗಿತು.
ಮಾಮಾ ಉಸಿರು ಬಿಟ್ಟು ಬೈದರು.

ಅಷ್ಟರಲ್ಲಿ ಮಹಡಿಯಿಂದ ಇಳಿದು ಬಂದರು,
ಸುಡಾನಿನವನು, ಅಕ್ಕತಂಗಿಯರು, ಅವರ ಗೆಳತಿ,
ಹೆಸರೇ ನನ್ನ ಕಡತದಲ್ಲಿಲ್ಲದ ಇಬ್ಬರು;
ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ನಿಂತರು,
ರೇಷನ್ನಿಗೆ ನಿಂತ ಹಾಗೆ.
ಬಿಸಿಲು ಇಳಿಯುವವರೆಗೂ ಧೋತರ ಇಳಿಯಲಿಲ್ಲ.

ಚಿಸೋಮೋನ ಫೋಟೋದ ಮೂಲೆಯಲ್ಲಿ
ಗಾಳಿಗೆ ಬಿಚ್ಚಿಕೊಂಡ ಅಂಚು, ಕೆಂಪು ದಾರದಷ್ಟು.
ಕಂಪ್ಯೂಟರಿಗೆ ಕಾಣಲಿಲ್ಲವೋ, ಕಂಡೂ ಸುಮ್ಮನಿತ್ತೋ.
ಮೂರನೇ ದಿನ ಉತ್ತರ ಬಂತು:
ಮುಂದಿನ ಆದೇಶದವರೆಗೆ ಇರಬಹುದು.
ಮುಂದಿನ ಆದೇಶ ಯಾವಾಗ, ಕೇಳಿದ.
ನಾನು ಡಬ್ಬಿಯ ಮೇಲಿನ ಲ್ಯಾಪ್‌ಟಾಪ್ ತೆರೆದೆ,
ಮುಚ್ಚಿದೆ.

ಗೇಟಿನ ತುಕ್ಕು ಧೋತರಕ್ಕೆ ಹತ್ತಿಬಿಟ್ಟಿದೆ,
ಲಿಂಬೆಹುಳಿಗೂ ಹೋಗಲಿಲ್ಲ.
ಅಪ್ಪ ಬೆಳಕಿಗೆ ಹಿಡಿದು ನೋಡಿದ.
‘ಯಾರ ಲಗ್ನಕ್ಕ ಒಯ್ದಿದ್ಯವಾ?’
‘ಏಳು ಮಂದೀದು,’ ಎಂದೆ.
ಕಲೆ ಒಳಗೆ ಬರುವ ಹಾಗೆ ನಿರಿಗೆ ಹಿಡಿಯುತ್ತ
‘ಊಟ ಹಾಕಿದ್ರೇನು?’ ಅಂದ.