ಕೊಸರು

ಗ್ಯುಮ್ರಿಯಲ್ಲಿ ಮಾರ್ಚ್ ಎಂದರೆ ವಸಂತ,
ಇದು ಕ್ಯಾಲೆಂಡರ್ ಅಚ್ಚು ಹಾಕುವವನ ನಂಬಿಕೆ.
ಬೂಟಿನಡಿ ಕರ್ರಗಾದ ಹಿಮ ಇನ್ನೂ ಗರಗರ ಅನ್ನುತ್ತಿತ್ತು.
ನನ್ನ ನೀವಾದ ಎಂಜಿನ್ನು ಬಿಚ್ಚಿ ಅಜಾತ್
ಹಳೆಯ ಬಾಗಿಲೊಂದರ ಮೇಲೆ ಜೋಡಿಸಿಟ್ಟಿದ್ದ,
ಹೆಣ ಮೀಯಿಸುವವರ ಶಿಸ್ತಿನಲ್ಲಿ.

"ನೋಡು ಸೂರೆನ್, ಲೆಕ್ಕ ಸರಳ.
ಸಿಲಿಂಡರು ಸವೆದರೆ ಕೊರೆದು ಹಿಗ್ಗಿಸುತ್ತೇವೆ,
ಆಗ ದಪ್ಪನೆಯ ಪಿಸ್ಟನ್ನು ಬೇಕು.
ಕ್ರ್ಯಾಂಕು ಸವೆದರೆ ಮಸೆದು ಕುಗ್ಗಿಸುತ್ತೇವೆ,
ಆಗ ದಪ್ಪನೆಯ ಬೇರಿಂಗು ಬೇಕು.
ತೂತು ಹಿಗ್ಗಲಿ, ದಂಡ ಕುಗ್ಗಲಿ,
ತೆಳ್ಳಗಾಗುವುದು ಮಾತ್ರ ನಿನ್ನ ಜೇಬೇ."

ಅಪ್ಪನ ಕಾಲದಲ್ಲಿ ಒಮ್ಮೆ ಕೊರೆದಾಗಿದೆ.
ಉಳಿದಿರುವುದು ಒಂದೇ ಅಳತೆ:
ಎಪ್ಪತ್ತೊಂಬತ್ತು ದಶಾಂಶ ಎಂಟು.
ಅದರಾಚೆ ಗೋಡೆಯಿಲ್ಲ, ನೀರು.

ಯೆರೆವಾನಿನ ಅಂಗಡಿಯವನು ಫೋನಿನಲ್ಲಿ ಬೆಲೆ ಹೇಳಿದ.
ನಾನು ಅದನ್ನು ಚೀಸಿನ ಗಾಲಿಗಳಾಗಿ ಎಣಿಸಿದೆ,
ಗಾಲಿಗಳನ್ನು ಹಾಲಾಗಿ, ಹಾಲನ್ನು ಹುಲ್ಲಾಗಿ;
ಹುಲ್ಲಿನ್ನೂ ಹಿಮದ ಕೆಳಗಿತ್ತು.
ಫೋನು ಇಟ್ಟೆ.

ಆಮೇಲೆ ಹನ್ನೊಂದು ದಿನ ಅಲೆದೆ.
ಸ್ಟೇಷನ್ನಿನ ಹಿಂದೆ ಹಂಬಾರ್ತ್ಸುಮ್
ಮೇಣದ ಕಾಗದ ಬಿಡಿಸಿ ಬೇರಿಂಗು ತೋರಿಸಿದ,
ಮುಟ್ಟಬೇಡ, ಬೆರಳಿನ ಬೆವರಿಗೂ ತುಕ್ಕು ಹಿಡಿಯುತ್ತದೆ ಎಂದ,
ತಾನು ಮಾತ್ರ ಮುಟ್ಟಿ ಮುಟ್ಟಿ ಬೆಲೆ ಏರಿಸಿದ.
ಸಂತೆಯಲ್ಲೊಬ್ಬ ಹೊಸ ಡಬ್ಬ ಕೊಡಲು ಬಂದ, ಅರ್ಧ ಬೆಲೆಗೆ.
ಕಾರ್ಖಾನೆಯ ಹೆಸರಲ್ಲೇ ಒಂದಕ್ಷರ ತಪ್ಪು.
ತನ್ನ ಹೆಸರೇ ನೆಟ್ಟಗೆ ಬಾರದ ಪಿಸ್ಟನ್ನು
ಎಷ್ಟು ದೂರ ಓಡೀತು?
ನೀರಿನ ಪಂಪಿನ ಗ್ಯಾಸ್ಕೆಟ್ಟನ್ನು
ಮಗಳ ಬೂಟಿನ ರಟ್ಟಿನ ಪೆಟ್ಟಿಗೆಯಿಂದ ನಾನೇ ಕತ್ತರಿಸಿದೆ.
ಪಿಸ್ಟನ್ನು ಮೂರು ಸಿಕ್ಕವು,
ಮೂರು ಊರಿನ ಮೂರು ಶೆಡ್ಡುಗಳಲ್ಲಿ.
ಮೂರೇ ಕಾಲಿನ ಕುದುರೆಗೆ
ಲಾಳ ಕೊಂಡವನ ಹಾಗೆ ಮನೆಗೆ ಬಂದೆ.

ನಾಲ್ಕನೆಯದು ಸಾತೆನಿಕ್ ಅಜ್ಜಿಯ ಬಳಿ ಇತ್ತು.
ಬಸ್ಸು ನಿಲ್ಲುವಲ್ಲಿ ಸೂರ್ಯಕಾಂತಿ ಬೀಜ ಮಾರುವವಳು.
ಗಂಡ ಪಾರ್ಗೆವ್ ಕಾರ್ಖಾನೆಯಿಂದ ದಿನಕ್ಕೊಂದರಂತೆ
ಕೋಟಿನೊಳಗೆ ಏನೇನೋ ತರುತ್ತಿದ್ದನಂತೆ.
"ನನಗಂತೂ ಒಂದು ಬಾಚಣಿಗೆ ತಂದವನಲ್ಲ."
ತಗಡಿನ ಗ್ಯಾರೇಜಿನ ಬೀಗಕ್ಕೆ ಉಸಿರು ಊದಿ ಊದಿ ತೆಗೆದಳು.
ಗ್ರೀಸು ಬಳಿದ ಪಿಸ್ಟನ್ನು,
ಚಳಿಗೆ ಸುತ್ತಿಟ್ಟ ಕೂಸಿನ ಹಾಗೆ ಪತ್ರಿಕೆಯೊಳಗೆ.
ಕೊರಳಿಗೆ ಕಟ್ಟಿದ ಚೀಟಿಯಲ್ಲಿ
ನೇರಳೆ ಶಾಯಿ, ಅವನದೇ ಕೈಬರಹ:
ಎರಡು ರೂಬಲ್ ನಲವತ್ತು ಕೊಪೆಕ್.

ಆ ದುಡ್ಡು ಹುಟ್ಟಿದ ದೇಶವೇ ಈಗಿಲ್ಲ.
ಇವತ್ತಿಗೆ ಅದು ಎಷ್ಟು?
ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ.
ಕಮ್ಮಿ ಹೇಳಲು ನನಗೆ ನಾಚಿಕೆ,
ಹೆಚ್ಚು ಕೇಳಲು ಅವಳಿಗೆ ಸಂಕೋಚ;
ಗಂಡನ ಕೈಬರಹವನ್ನು ತಿದ್ದುವುದು ಹೇಗೆ?
ಇಬ್ಬರ ಉಸಿರೂ ಹೊಗೆಯಾಗಿ ನಡುವೆ ನಿಂತಿತ್ತು.

ಕಡೆಗೆ ತಕ್ಕಡಿ ತಂದಳು.
ಒಂದು ತಟ್ಟೆಯಲ್ಲಿ ಪಿಸ್ಟನ್ನು,
ಇನ್ನೊಂದಕ್ಕೆ ಬೀಜ ಸುರಿದಳು, ನಿಲ್ಲಿಸಿದಳು,
ನಾಲ್ಕು ಬೀಜ ಹೆಕ್ಕಿದಳು, ಒಂದು ಮರಳಿ ಹಾಕಿದಳು.
"ಇಷ್ಟು ಬೀಜದ ದುಡ್ಡು ಕೊಡು. ನನಗೆ ಗೊತ್ತಿರುವ ದರ ಇದೊಂದೇ."
ದುಡ್ಡು ಎಣಿಸಿಕೊಂಡು, ಮರೆತವಳಂತೆ,
ಒಂದು ಹಿಡಿ ಬೀಜ ಕೊಸರೆಂದು ನನ್ನ ಜೇಬಿಗೆ ಹಾಕಿದಳು.
ಚೀಟಿಯನ್ನು ಮಾತ್ರ ಬಿಚ್ಚಿ ತಾನೇ ಇಟ್ಟುಕೊಂಡಳು.

ಅಜಾತ್ ನಾಲ್ಕನ್ನೂ ತೂಗಿದ. ಒಂದಷ್ಟು ಗ್ರಾಂ ಹೆಚ್ಚಿತ್ತು ಅವಳದು.
ಒಳಗಿನಿಂದ ಕೆರೆದ, ಮತ್ತೆ ತೂಗಿದ, ಮತ್ತೆ ಕೆರೆದ.
ಎಂಜಿನ್ನು ಮೊದಲು ಕೆಮ್ಮಿತು, ಆಮೇಲೆ ಬೈಯಿತು,
ಆಮೇಲೆ ಏನೂ ಆಗಿಲ್ಲವೆಂಬಂತೆ ಗುನುಗತೊಡಗಿತು.
"ಸಾವಿರ ಕಿಲೋಮೀಟರು ಅವಸರ ಬೇಡ.
ಒಂದಕ್ಕೊಂದು ಪರಿಚಯವಾಗಲಿ.
ಇನ್ನೊಮ್ಮೆ ಕೊರೆಯಲು ಬರುವುದಿಲ್ಲ, ನೆನಪಿಟ್ಟುಕೋ."

ಈಗ ಚೀಸು ಹೊತ್ತು ಐವತ್ತರಲ್ಲೇ ಹೋಗುತ್ತೇನೆ.
ಲಾರಿಗಳು ಹಾರ್ನು ಹೊಡೆದು, ಬೈದು, ದಾಟುತ್ತವೆ.
ದಾಟಲಿ.
ಎಡಗೈ ಚಕ್ರದ ಮೇಲೆ, ಬಲಗೈ ಜೇಬಿನಲ್ಲಿ.
ಬೀಜ ಒಂದೊಂದೇ ಒಡೆಯುತ್ತೇನೆ,
ಸಿಪ್ಪೆಯನ್ನು ಕಿಟಕಿಯಾಚೆ ಉಗಿಯುತ್ತೇನೆ,
ಎಷ್ಟು ಉಳಿದಿವೆ ಎಂದು
ಎಣಿಸದೆ.