ಕೊಳವೆ ಇನ್ನೂರ ಹದಿನಾಲ್ಕು

ಕಾಡಿಗೆ ಹೋದವರೆಲ್ಲ ಇಂಬಳ ಕಿತ್ತೆಸೆಯುತ್ತಾರೆ.
ನಾವು ಕೂಡಿಡುತ್ತೇವೆ.
ಹೊಗೆಸೊಪ್ಪಿನ ನೀರಲ್ಲಿ ನೆನೆಸಿದ ಕಾಲುಚೀಲ ತೊಟ್ಟು
ಬುನ್‌ಲೊಮ್ ಮುಂದೆ, ನಾನು ಹಿಂದೆ.
ದಿಣ್ಣೆಯ ಈಚೆ ಲಾವೋಸ್, ಆಚೆ ವಿಯೆಟ್ನಾಂ,
ಮಂಜು ಇಳಿದರೆ ಎರಡೂ ಇಲ್ಲ.

ಎಲೆಯಂಚಲ್ಲಿ ಎದ್ದು ನಿಂತು
ಅದು ಕೈಬೀಸಿ ಕರೆಯುತ್ತದೆ,
ಕೈಯಿಲ್ಲದೆ.
ಐದು ಜೊತೆ ಕಣ್ಣು, ಮೂರು ದವಡೆ,
ಮಿಕ್ಕಿದ್ದೆಲ್ಲ ಹೊಟ್ಟೆ.
ಹೋದ ತಿಂಗಳು ಕುಡಿದದ್ದು ಇನ್ನೂ ಒಳಗಿದೆ:
ಯಾರ ಗೊರಸಿನ ಸಂದಿ, ಯಾರ ಕಿವಿಯ ಹಿಂಬದಿ,
ನೀರಿಗೆ ಬಗ್ಗಿದ ಯಾವ ಮೂಗಿನ ಹೊಳ್ಳೆ.
ಚಿಮುಟದಲ್ಲಿ ಹಿಡಿದು ಕೊಳವೆಗೆ ಬಿಡುತ್ತೇನೆ.
ಮದ್ಯಸಾರದಲ್ಲಿ ಒಮ್ಮೆ
ಉಕಾರದ ಕೊಂಬಿನ ಹಾಗೆ ಬಾಗಿ, ಸುಮ್ಮನಾಗುತ್ತದೆ.
ಸಂಖ್ಯೆ, ದಿನ, ಹೊಳೆಯ ಹೆಸರು.
ಲೆಕ್ಕದವಳು ನಾನು.

ಹುಡುಕುತ್ತಿರುವುದು ರಾಟೆಯನ್ನು.
ಸಾವ್ಲಾ ಅಂದರೆ ರಾಟೆಯ ಎರಡು ಕಂಬ:
ನೆಟ್ಟಗೆ, ಒಂದರ ಪಕ್ಕ ಒಂದು, ಹಾಗಂತೆ ಕೊಂಬು,
ಮೋರೆಯ ಮೇಲೆ ಸುಣ್ಣದ ಗೆರೆ.
ಅಂತೆ, ಅಂತೆ. ನಾನು ಕಂಡಿಲ್ಲ.
ಕ್ಯಾಮೆರಾಕ್ಕೆ ಅದು ಸಿಕ್ಕಿ ಹತ್ತು ಮಳೆಗಾಲ ದಾಟಿತು.
ಅಜ್ಜಿಯ ರಾಟೆ ಅಟ್ಟ ಸೇರಿದ್ದು ಅದಕ್ಕೂ ಹಿಂದೆ,
ನೂಲುವವರಿಲ್ಲದೆ, ಒಂದು ಕಂಬ ಸಡಿಲಾಗಿ.
ಈಗ ಮರಕ್ಕೆ ಕಟ್ಟಿದ ಪೆಟ್ಟಿಗೆ ತೆರೆದರೆ
ಮೂರು ಕಾಲಿನ ಕಾಡುಕುರಿ.
ಮತ್ತೆ ಅದೇ ಕಾಡುಕುರಿ.
ನಮ್ಮ ಬೆನ್ನು.

ಆ ನಾಲ್ಕನೆಯ ಕಾಲು ಎಲ್ಲಿ ಹೋಯಿತೆಂದು
ಕೇಳಬೇಕಾಗಿಲ್ಲ. ಬೈಕಿನ ಬ್ರೇಕ್ ತಂತಿ,
ಬಗ್ಗಿಸಿ ಕಟ್ಟಿದ ಎಳೆಮರ, ಮೇಲೆ ನಾಲ್ಕು ಎಲೆ.
ಈ ಸರದಿಯಲ್ಲಿ ನಾನೂರ ಹನ್ನೊಂದು ಉರುಳು.
ಬುನ್‌ಲೊಮ್ ಕತ್ತರಿಸುವುದಿಲ್ಲ, ಬಿಚ್ಚುತ್ತಾನೆ.
ಗಂಟೂ ಒಂದು ಕೈಬರಹ, ಅನ್ನುತ್ತಾನೆ,
ಇದು ಆಚೆ ಕಡೆಯವರದು,
ಇದು ಹೊಸಬನದು, ಅವಸರ ನೋಡು.
ಒಂದರ ಮುಂದೆ ಮಾತ್ರ ಕುಕ್ಕರಗಾಲಲ್ಲಿ ಕೂತವನು
ಬಹಳ ಹೊತ್ತು ಏಳಲಿಲ್ಲ.
ಎರಡು ಸುತ್ತು, ಎಡಕ್ಕೊಂದು ಮಡಿಕೆ.
ಅವನ ಬೆರಳಿಗೆ ಕಣ್ಣು ಬೇಕಾಗಲಿಲ್ಲ.
'ಯಾರದು?' ಅಂದೆ, ಪೆನ್ನು ತೆರೆದು.
'ಬರೀಬೇಡ.'

ರಾತ್ರಿ ಬಿದಿರ ಬುಟ್ಟಿಯ ಅಂಟನ್ನ ಉಂಡೆಗಟ್ಟುತ್ತ
ಅವನೇ ಹೇಳಿದ:
'ಆ ಗಂಟು ಅಪ್ಪನದು. ಕಲಿಸಿದ್ದು ಇಬ್ಬರಿಗೆ.
ಒಬ್ಬ ನಾನು.'
ನಾನು ಬರೆದೆ: ತಂತಿ, ಒಂದು. ಗುರುತಿಲ್ಲ.

ಮೂರು ತಿಂಗಳಿಗೆ ವಿಯೆಂಟಿಯಾನ್‌ನಿಂದ ಪಟ್ಟಿ ಬಂತು.
ಇಂಬಳ ಒಪ್ಪಿಸಿದ ಲೆಕ್ಕ:
ಕೋತಿ, ಮುಳ್ಳುಹಂದಿ, ಕಾಡುಕುರಿ,
ಪಟ್ಟೆಮೊಲ ಒಂದು, ಕಾಡುಮೇಕೆ ಎರಡು,
ಹದಿನೇಳು ಕೊಳವೆಗಳಲ್ಲಿ ಮನುಷ್ಯ.
'ಈ ಕಾಡಲ್ಲಿ ಧಾರಾಳವಾಗಿ ಸಿಗೋ ಪ್ರಾಣಿ ನಾನೇ'
ಎಂದು ನಕ್ಕ ಬುನ್‌ಲೊಮ್,
ಸಾಲಿನ ಮೇಲೆ ಬೆರಳು ಜಾರಿಸುತ್ತ ನಗೆ ನಿಲ್ಲಿಸಿದ.
ಮೇಲ್ಹೊಳೆಯ ಆರು ಕೊಳವೆ.
ಅಲ್ಲಿಗೆ ನಾವು ಹೋದದ್ದೇ ಅಂದು ಮೊದಲು,
ಇಂಬಳದ ಹೊಟ್ಟೆ ಅದಾಗಲೇ ತುಂಬಿತ್ತು.
'ನನ್ನ ರಕ್ತವೋ ಅವನದೋ, ಯಂತ್ರ ಹೇಳುತ್ತದಾ?'
ಹೇಳುವುದಿಲ್ಲ.
ಮನುಷ್ಯ ಎಂದಷ್ಟೇ ಹೇಳುತ್ತದೆ.

ಕೊನೆಯ ಪುಟದ ಕೆಳಗೆ ಇನ್ನೂರ ಹದಿನಾಲ್ಕು:
ತುಣುಕು. ದನದ ಕುಲ. ಪೂರ್ತಿ ಓದಲಾಗಲಿಲ್ಲ.

ದನದ ಕುಲವೆಂದರೆ ನಮ್ಮೂರ ಎಮ್ಮೆಯೂ ಆದೀತು,
ಹಗ್ಗ ಹರಿದುಕೊಂಡು ದಿಣ್ಣೆ ಹತ್ತಿದ್ದು.
ಆಗದೆಯೂ ಇದ್ದೀತು.
ಬುನ್‌ಲೊಮ್ ಅಟ್ಟದ ಕಡೆ ನೋಡಿದ, ಸುಮ್ಮನೆ,
ಆಮೇಲೆ ನನ್ನ ಕಡೆ:
'ಯಾವ ಹೊಳೆ ಅದು?'

ಏಣಿಯ ಕೆಳಗೆ ಸೀಪೋನ್,
ಅವನ ತಮ್ಮ, ಬೈಕು ಒರೆಸುತ್ತಿದ್ದ.
ಬ್ರೇಕಿಗೆ ಹೊಸ ತಂತಿ, ಬಿಸಿಲಿಗೆ ಮಿನುಗುತ್ತಿತ್ತು.
ಬಟ್ಟೆ ಹಿಡಿದ ಕೈ ಒಂದು ಗಳಿಗೆ ನಿಂತಿತ್ತು.

ಹೊಳೆಯ ಹೆಸರು ಬರೆದವಳು ನಾನೇ,
ನನ್ನದೇ ಅಕ್ಷರ, ನೀಲಿ ಶಾಯಿ.
'ಮಳೆಗೆ ಅಳಿಸಿದೆ' ಅಂದೆ,
ಪುಸ್ತಕ ಮಡಚಿದೆ.
ಹಿಮ್ಮಡಿಯ ಮೇಲೆ ಹಳೆಯ ಕಚ್ಚು
ತುರಿಸತೊಡಗಿತು.